ಅಧಿಕಾರ ಬಿಟ್ಟು ಹೂವಿನ ಮರದ ಕೆಳಗೆ ಕೂತ ರುಮಾಲೆ

ಬೇಸಿಗೆ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊರಟವರಿಗೂ, ಬೆಂಗಳೂರಿನ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡವರಿಗೂ ಗುಲ್‌ಮೊಹರ್‌ನ ಕೆಂಪು ಕಣ್ಣಿಗೆ ಬೀಳುತ್ತೆ. ಫೋಟೋ ಹೊಡೆದು, ಸ್ಟೇಟಸ್ಸಿಗೆ ಹಾಕಿ ಮುಂದೆ ಹೋಗ್ತೀವಿ. ಅದೇ ಕೆಂಪಿನ ಮುಂದೆ ಕ್ಯಾನ್ವಾಸ್ ಇಟ್ಟುಕೊಂಡು ಕೂತವರು ರುಮಾಲೆ ಚನ್ನಬಸವಯ್ಯ.

1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ, ಚಿತ್ರಕಲೆ ಕಲಿತದ್ದು ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರದಲ್ಲಿ, ಆಮೇಲೆ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ. ಕೈ ಪಳಗುವ ವಯಸ್ಸಿಗೇ ಗಾಂಧೀಜಿಯ ಚಳವಳಿ ಕರೆಯಿತು. ಕುಂಚ ಕೆಳಗಿಟ್ಟರು. ನಾ.ಸು. ಹರ್ಡೀಕರ್ ಕಟ್ಟಿದ ಸೇವಾದಳದಲ್ಲಿ ದುಡಿದರು, ಜೈಲಿಗೂ ಹೋದರು. ಸ್ವಾತಂತ್ರ್ಯ ಬಂದ ಮೇಲೆ 'ತಾಯಿನಾಡು' ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನ ಸದಸ್ಯರೂ ಆದರು.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಮುಂದಿನ ಕುರ್ಚಿ ಹುಡುಕ್ತಾರೆ. ರುಮಾಲೆ ಎದ್ದು ಹೊರಟರು. 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಕುಂಚ ಹಿಡಿದರು.

ಜಲವರ್ಣ, ತೈಲವರ್ಣ ಎರಡರಲ್ಲೂ ಬರೆದರು. ಹೂವು ಅವರಿಗೆ ಮೇಜಿನ ಮೇಲಿನ ಹೂದಾನಿಯಲ್ಲಿರಲಿಲ್ಲ, ಬೀದಿಯಲ್ಲಿತ್ತು. ಬಯಲಲ್ಲಿ ಕೂತು ತೈಲವರ್ಣ ಬಳಸೋದು ಸುಲಭವಲ್ಲ: ಬಣ್ಣ ಒಣಗೋಕೆ ದಿನಗಳು ಬೇಕು, ಬೆಳಕು ಮಾತ್ರ ಗಂಟೆಗಂಟೆಗೂ ಬದಲಾಗುತ್ತೆ, ಮರ ಅರಳಿ ನಿಲ್ಲೋದು ಕೆಲವೇ ವಾರ. ಅವರ ಚಿತ್ರದಲ್ಲಿ ಒಂದೊಂದು ದಳವನ್ನೂ ಎಣಿಸೋಕಾಗಲ್ಲ. ಆದರೆ ದೂರ ನಿಂತು ನೋಡಿದರೆ ಮರ ಬಿಸಿಲಲ್ಲಿ ಉರಿಯುತ್ತಿರುವ ಹಾಗೆ ಕಾಣುತ್ತೆ. ನಿಜವಾದ ಗುಲ್‌ಮೊಹರ್ ಕಾಣೋದೂ ಹಾಗೇ.

ಇನ್ನೊಂದು ಮಾತು. ಗುಲ್‌ಮೊಹರ್ ಮಡಗಾಸ್ಕರ್‌ನದು, ಜಕರಂಡ ಮತ್ತು ಟಬೂಬಿಯಾ ಅಮೆರಿಕ ಖಂಡಗಳವು. ಒಂದಾದ ಮೇಲೊಂದು ಅರಳುವ ಹಾಗೆ ಬೆಂಗಳೂರಿನ ಬೀದಿಗಳ ಮರಗಳನ್ನು ಯೋಜಿಸಿದವರು ಜರ್ಮನಿಯಿಂದ ಬಂದ ಕ್ರುಂಬಿಗಲ್. ಹೊರಗಿನಿಂದ ಬಂದ ಮರಗಳೇ ಊರಿನ ಗುರುತಾದವು. 'ಇವರು ನಮ್ಮೋರಾ?' ಅಂತ ದಿನಾ ಕೇಳುವ ಕಾಲದಲ್ಲಿ ಇದನ್ನು ನೆನಪಿಟ್ಟುಕೊಳ್ಳಬೇಕು.

ಹೋರಾಟಗಾರ ಹೂವು ಬರೆದದ್ದು ಪಲಾಯನವಾ? ಅಲ್ಲ. ಊರನ್ನು ಪ್ರೀತಿಸೋದು ಅಂದರೆ ಅದನ್ನು ಗಮನ ಕೊಟ್ಟು ನೋಡೋದೂ ಹೌದು. 1988ರಲ್ಲಿ ರುಮಾಲೆ ತೀರಿಕೊಂಡರು. ಆಮೇಲೆ ರಸ್ತೆ ಅಗಲವಾಗಬೇಕು ಅಂತ, ಮೆಟ್ರೋ ಬರಬೇಕು ಅಂತ ಎಷ್ಟೋ ಮರ ಉರುಳಿದವು. ಚೆಂದಕ್ಕೆ ಅಂತ ಬರೆದ ಚಿತ್ರಗಳು ಇವತ್ತು ಸಾಕ್ಷಿ ಹೇಳ್ತಿವೆ. ನಿಮ್ಮ ಊರಿನ ರಸ್ತೆಗೂ ಅಗಲೀಕರಣದ ನೋಟಿಸ್ ಬರಬಹುದು. ಅಷ್ಟರೊಳಗೆ ಅಲ್ಲಿನ ಮರಗಳ ಹೆಸರನ್ನಾದರೂ ಕಲಿತಿರೋಣ.