ಕಾಲಿನ್ ಬ್ಲೈತ್ (1879–1917)

ಇಂಗ್ಲೆಂಡಿನ ಕೆಂಟ್ ಕೌಂಟಿ ತಂಡದ ಖ್ಯಾತ ಎಡಗೈ ಸ್ಪಿನ್ ಬೌಲರ್ ಕಾಲಿನ್ ಬ್ಲೈತ್ ರವರು 1879ರ ಮೇ 30ರಂದು ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ಶ್ರಮಿಕ ಕುಟುಂಬವೊಂದರಲ್ಲಿ ಜನಿಸಿದರು. ತಾರುಣ್ಯದಲ್ಲಿ ವುಲಿಚ್‌ನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಇವರ ಬೌಲಿಂಗ್ ಕೌಶಲ್ಯವನ್ನು ಕೆಂಟ್ ತಂಡದವರು 1897ರಲ್ಲಿ ಗುರುತಿಸಿ ತರಬೇತಿ ನೀಡಿದರು.

1899ರಲ್ಲಿ ಟನ್‌ಬ್ರಿಜ್‌ನಲ್ಲಿ ಯಾರ್ಕ್‌ಷೈರ್ ವಿರುದ್ಧ ಪ್ರಥಮ ದರ್ಜೆ ಕ್ರಿಕೆಟ್‌ಗೆ ಪದಾರ್ಪಣೆ ಮಾಡಿದ ಇವರು ತಮ್ಮ ಮೊದಲ ಚೆಂಡಿನಲ್ಲಿಯೇ ವಿಕೆಟ್ ಪಡೆದರು. ಹವ್ಯಾಸಿ ಆಟಗಾರರಿಗೆ ಸಮಾಜದಲ್ಲಿ ಮೇಲಿನ ಸ್ಥಾನವಿದ್ದ ಆ ಕಾಲದಲ್ಲಿ ಬ್ಲೈತ್ ರವರು ಸಂಭಾವನೆಯನ್ನೇ ಜೀವನಾಧಾರವಾಗಿ ಹೊಂದಿದ್ದ ವೃತ್ತಿಪರ ಆಟಗಾರರಾಗಿದ್ದರು. ಕೆಂಟ್ ತಂಡವು 1906, 1909, 1910 ಮತ್ತು 1913ರಲ್ಲಿ ಕೌಂಟಿ ಚಾಂಪಿಯನ್‌ಷಿಪ್ ಗೆಲ್ಲುವಲ್ಲಿ ಇವರ ಪಾತ್ರ ಹಿರಿದಾಗಿತ್ತು. 1907ರ ಜೂನ್ 1ರಂದು ನಾರ್ಥಾಂಪ್ಟನ್‌ಷೈರ್ ವಿರುದ್ಧ ಒಂದೇ ದಿನದಲ್ಲಿ ಕೇವಲ 48 ಓಟಗಳನ್ನು ನೀಡಿ 17 ವಿಕೆಟ್ ಗಳಿಸಿದರು. ಅದೇ ವರ್ಷ ಲೀಡ್ಸ್‌ನಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ 99 ಓಟಗಳಿಗೆ 15 ವಿಕೆಟ್ ಪಡೆದು, ದಕ್ಷಿಣ ಆಫ್ರಿಕಾದ ವಿರುದ್ಧ ಇಂಗ್ಲೆಂಡಿಗೆ ಜಯ ದೊರಕಿಸಿಕೊಟ್ಟರು.

ಬ್ಲೈತ್ ರವರು ಅಪಸ್ಮಾರದಿಂದ ಬಳಲುತ್ತಿದ್ದರು. ಟೆಸ್ಟ್ ಪಂದ್ಯಗಳ ಮಾನಸಿಕ ಒತ್ತಡವು ಇವರ ಆರೋಗ್ಯವನ್ನು ಹದಗೆಡಿಸುತ್ತಿತ್ತು. 1909ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ 11 ವಿಕೆಟ್ ಪಡೆದು ಗೆಲುವಿಗೆ ಕಾರಣರಾದರೂ, ವೈದ್ಯರ ಸಲಹೆಯ ಮೇರೆಗೆ ಮುಂದಿನ ಟೆಸ್ಟ್ ಪಂದ್ಯದಿಂದ ದೂರ ಉಳಿಯಬೇಕಾಯಿತು. ಆದಾಗ್ಯೂ ಕೌಂಟಿ ಕ್ರಿಕೆಟ್‌ನಲ್ಲಿ ಇವರ ದುಡಿಮೆ ನಿಲ್ಲಲಿಲ್ಲ. ಅದೇ ವರ್ಷ 200ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಒಟ್ಟು 19 ಟೆಸ್ಟ್ ಪಂದ್ಯಗಳಲ್ಲಿ 100 ವಿಕೆಟ್‌ಗಳು ಹಾಗೂ ಪ್ರಥಮ ದರ್ಜೆಯಲ್ಲಿ 2,503 ವಿಕೆಟ್‌ಗಳು ಇವರ ಹೆಸರಿನಲ್ಲಿವೆ. ಪಿಟೀಲು ವಾದನದಲ್ಲಿಯೂ ಇವರು ಪರಿಣತರಾಗಿದ್ದರು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ, ಅನಾರೋಗ್ಯವಿದ್ದಾಗ್ಯೂ ಬ್ಲೈತ್ ರವರು ಸ್ವಇಚ್ಛೆಯಿಂದ ಸೈನ್ಯಕ್ಕೆ ಸೇರಿದರು. 1917ರ ನವೆಂಬರ್ 8ರಂದು ಬೆಲ್ಜಿಯಂನ ಪ್ಯಾಷೆಂಡೇಲ್ ಸಮೀಪ ಸೇನೆಯ ರೈಲು ಮಾರ್ಗದ ಕೆಲಸದಲ್ಲಿ ನಿರತರಾಗಿದ್ದಾಗ ಫಿರಂಗಿ ಗುಂಡಿನ ಸ್ಫೋಟಕ್ಕೆ ಬಲಿಯಾದರು. ಆಗ ಇವರಿಗೆ 38 ವರ್ಷ ವಯಸ್ಸಾಗಿತ್ತು. ಇವರ ಸಮಾಧಿಯು ಈಪ್ರ ನಗರದ ಸಮೀಪದ ಸೈನಿಕ ಸ್ಮಶಾನದಲ್ಲಿದೆ. ಯುದ್ಧದಲ್ಲಿ ಮಡಿದ ಇವರ ಹಾಗೂ ಕೆಂಟ್ ತಂಡದ ಇತರ ಆಟಗಾರರ ಸ್ಮರಣಾರ್ಥ ಕ್ಯಾಂಟರ್‌ಬರಿಯ ಸೇಂಟ್ ಲಾರೆನ್ಸ್ ಮೈದಾನದಲ್ಲಿ ಸ್ಮಾರಕವೊಂದನ್ನು ನಿರ್ಮಿಸಲಾಗಿದೆ. ದೀರ್ಘಕಾಲದ ಕಾಯಿಲೆಯುಳ್ಳ ವ್ಯಕ್ತಿಯೂ ತನ್ನ ವೃತ್ತಿಯಲ್ಲಿ ಅತ್ಯುನ್ನತ ಸಾಧನೆ ಮಾಡಬಲ್ಲನೆಂಬುದಕ್ಕೆ ಇವರ ಜೀವನವು ನಿದರ್ಶನವಾಗಿದೆ.