ಸಮುದ್ರ ದಾಟಿದ ಗಣಿತಜ್ಞ ಶ್ರೀನಿವಾಸ ರಾಮಾನುಜನ್

ಊರು ಬಿಟ್ಟು ಬಂದ ನಾವೆಲ್ಲ ಒಂದಲ್ಲ ಒಂದು ಸಲ ಯೋಚಿಸಿದ್ದೇವೆ: ಮನೆಯ ಆಚಾರಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು? ವಿಜ್ಞಾನ ಓದುವ ಮಕ್ಕಳು ದೇವರ ಬಗ್ಗೆ ಕೇಳಿದರೆ ಏನು ಹೇಳಬೇಕು? ನಮಗಿಂತ ಎಷ್ಟೋ ಮೊದಲೇ ಈ ಪ್ರಶ್ನೆಗಳನ್ನು ಎದುರಿಸಿದ ಶ್ರೀನಿವಾಸ ರಾಮಾನುಜನ್ ಅವರನ್ನು ಈ ಸಂಚಿಕೆಯಲ್ಲಿ ನೆನೆಯೋಣ.

1887ರ ಡಿಸೆಂಬರ್ 22ರಂದು ಈರೋಡಿನಲ್ಲಿ, ತಾಯಿಯ ತವರಿನಲ್ಲಿ, ರಾಮಾನುಜನ್ ಜನಿಸಿದರು. ಬೆಳೆದದ್ದು ಕುಂಭಕೋಣದ ಸಾರಂಗಪಾಣಿ ದೇವಸ್ಥಾನದ ಬೀದಿಯಲ್ಲಿ. ತಂದೆ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು, ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದರು. ಮನೆದೇವರು ನಾಮಕ್ಕಲ್ಲಿನ ನಾಮಗಿರಿ ತಾಯಿ. ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳತ್ತ ಗಮನವಿಲ್ಲದೆ ನಪಾಸಾಗಿ ಕಾಲೇಜು ಓದು ನಿಂತಿತು. 1912ರಲ್ಲಿ ಮದ್ರಾಸು ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು. ತಮ್ಮ ಸೂತ್ರಗಳನ್ನು ನಾಮಗಿರಿ ತಾಯಿಯೇ ಕನಸಿನಲ್ಲಿ ಕೊಡುತ್ತಾಳೆಂದು ಅವರು ಸ್ನೇಹಿತರಲ್ಲಿ ಹೇಳಿಕೊಳ್ಳುತ್ತಿದ್ದರು.

1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಗಣಿತಜ್ಞ ಜಿ. ಎಚ್. ಹಾರ್ಡಿಯವರಿಗೆ ಸೂತ್ರಗಳನ್ನು ಬರೆದು ಕಳಿಸಿದರು. ಬರಬೇಕೆಂದು ಕರೆ ಬಂತು. ಆದರೆ ಸಮುದ್ರ ದಾಟುವುದು ಆಗಿನ ಆಚಾರಕ್ಕೆ ನಿಷಿದ್ಧ. ತಾಯಿಯ ಕನಸಿನಲ್ಲಿ ನಾಮಗಿರಿಯೇ ಅಪ್ಪಣೆ ಕೊಟ್ಟಳೆಂದು ಹೇಳುವ ಕಥೆ ಇಂದಿಗೂ ಪ್ರಚಲಿತ. ರಾಮಾನುಜನ್ ಜುಟ್ಟು ತೆಗೆಸಿಕೊಂಡು 1914ರ ಮಾರ್ಚ್ 17ರಂದು ಹಡಗು ಹತ್ತಿದರು. ಜುಟ್ಟು ಹೋಯಿತು, ಸಸ್ಯಾಹಾರ ಹೋಗಲಿಲ್ಲ. ಕಾಲೇಜಿನ ಊಟ ಬಿಟ್ಟು ಕೋಣೆಯಲ್ಲೇ ಅಡುಗೆ ಮಾಡಿಕೊಂಡರು. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಬೇಕಾದ ಪದಾರ್ಥಗಳೂ ಸಿಗದಂತಾದವು.

ಹಾರ್ಡಿ ದೇವರನ್ನು ನಂಬದವರು. ಪ್ರತಿ ಸೂತ್ರಕ್ಕೂ ಸಾಧನೆ ಕೇಳುವವರು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ರಾಮಾನುಜನ್ ಕಂಡುಕೊಂಡದ್ದರಲ್ಲಿ ಕೆಲವು ತಪ್ಪೆಂದು ತಿಳಿದುಬಂತು. ಅವರು ಸಿಟ್ಟಾಗಲಿಲ್ಲ, ಸಾಧಿಸಿ ತೋರಿಸುವುದನ್ನು ಕಲಿತರು. ನಂಬಿಕೆ ಬೇರೆಯಾದ ಈ ಇಬ್ಬರೂ ಸೇರಿ 1918ರಲ್ಲಿ ಸಂಖ್ಯಾವಿಭಜನೆಯ ಮೇಲೆ ಪ್ರಕಟಿಸಿದ ಲೇಖನ ಇಂದಿಗೂ ಪ್ರಸಿದ್ಧ. ಅದೇ ವರ್ಷ ರಾಮಾನುಜನ್ ರಾಯಲ್ ಸೊಸೈಟಿಯ ಫೆಲೋ ಆದರು.

ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. 1917ರಿಂದಲೇ ಆಸ್ಪತ್ರೆ, ಆರೋಗ್ಯಧಾಮಗಳ ವಾಸ. 1919ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯ ವರ್ಷಕ್ಕೆ 250 ಪೌಂಡು ಕೊಡಲು ಒಪ್ಪಿದಾಗ, ತಂದೆತಾಯಿಗೂ ತಮ್ಮ ಅಗತ್ಯಕ್ಕೂ ಆಗಿ ಮಿಕ್ಕದ್ದನ್ನು ಬಡ ವಿದ್ಯಾರ್ಥಿಗಳ ಶಾಲಾ ಶುಲ್ಕಕ್ಕೆ ಬಳಸಬೇಕೆಂದು ಬರೆದರು. ಆ ವರ್ಷವೇ ಊರಿಗೆ ಮರಳಿದರು. ಹಾಸಿಗೆ ಹಿಡಿದರೂ ಲೆಕ್ಕ ಬಿಡಲಿಲ್ಲ. 1920ರ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ, ಪತ್ನಿ ಜಾನಕಿಯನ್ನು ಅಗಲಿದರು. ಕೊನೆಯ ದಿನಗಳ ಹಾಳೆಗಳು 1976ರಲ್ಲಿ ಕೇಂಬ್ರಿಡ್ಜಿನ ಗ್ರಂಥಾಲಯದಲ್ಲಿ ಸಿಕ್ಕವು. ಗಣಿತಜ್ಞರು ದಶಕಗಳ ಕಾಲ ಅವನ್ನು ಬಿಡಿಸುತ್ತ ಕುಳಿತರು.

ಸೂತ್ರ ಹೊಳೆದದ್ದು ದೇವಿಯ ಕೃಪೆಯೆಂದು ರಾಮಾನುಜನ್ ನಂಬಿದರು. ಅದು ಸರಿಯೋ ತಪ್ಪೋ ಎಂಬುದನ್ನು ಮಾತ್ರ ಕಾಗದದ ಮೇಲೆ ತೋರಿಸಬೇಕೆಂದು ಒಪ್ಪಿದರು. ನಮ್ಮ ಮಕ್ಕಳು ಕೇಳಿದಾಗ ಇಷ್ಟು ಹೇಳಿದರೂ ಸಾಕು. ಜೊತೆಗೆ ಇನ್ನೊಂದು ಮಾತು. ಪರದೇಶದ ಚಳಿಯಲ್ಲಿ ಒಬ್ಬರೇ ಬೇಯಿಸಿಕೊಂಡು ಉಂಡ ಆ ತರುಣನಂಥವರು ನಮ್ಮ ಊರಿನ ಕಾಲೇಜುಗಳಲ್ಲೂ ಇದ್ದಾರೆ. ಮುಂದಿನ ಹಬ್ಬಕ್ಕೆ ಅವರಲ್ಲಿ ಒಬ್ಬರನ್ನಾದರೂ ನಾವು ಊಟಕ್ಕೆ ಕರೆಯೋಣ.