ಥರ್ಮಲ್ ಪೇಸ್ಟ್ ದಪ್ಪಗೆ ಹಚ್ಚಿದರೆ ಹಳೆ ಗೇಮ್ ಕನ್ಸೋಲ್ ಹೆಚ್ಚು ತಣ್ಣಗಿರುತ್ತದೆಯೇ? ಉತ್ತರ 200 ವರ್ಷಗಳ ಹಿಂದಿನ ಜೋಸೆಫ್ ಫೋರಿಯರ್ ಬಳಿ ಇದೆ

ಹಳೆಯ ಗೇಮ್ ಕನ್ಸೋಲ್ ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಆಮೇಲೆ ಯಂತ್ರ ತಾನಾಗಿಯೇ ಆಫ್ ಆಗುತ್ತದೆ. ಆಗ ಗ್ರೂಪ್‌ಗಳಲ್ಲಿ ಸಿಗುವ ಸಲಹೆಗಳು ಹೀಗಿರುತ್ತವೆ: ಬಿಚ್ಚಿ, ಚಿಪ್ ಮೇಲೆ ಥರ್ಮಲ್ ಪೇಸ್ಟ್ ದಪ್ಪಗೆ ಹಚ್ಚಿ. ಪೇಸ್ಟ್ ಇಲ್ಲದಿದ್ದರೆ ಟೂತ್‌ಪೇಸ್ಟ್ ಆದರೂ ಸಾಕು. ಇದು ನಿಜವೇ?

ಶಾಖ ಒಂದು ವಸ್ತುವಿನ ಮೂಲಕ ಎಷ್ಟು ವೇಗವಾಗಿ ಸಾಗುತ್ತದೆ ಎಂದು ಲೆಕ್ಕ ಹಾಕುವ ನಿಯಮವನ್ನು ಕೊಟ್ಟವರು ಫ್ರಾನ್ಸಿನ ಜೋಸೆಫ್ ಫೋರಿಯರ್. ಎಂಜಿನಿಯರಿಂಗ್ ಓದಿದವರಿಗೆ ಫೋರಿಯರ್ ಸೀರೀಸ್ ಎಂದರೆ ಪರೀಕ್ಷೆಯ ಭಯ ನೆನಪಾಗಬಹುದು. ಆ ಹೆಸರಿನ ಹಿಂದಿನ ಮನುಷ್ಯನ ಕಥೆಯನ್ನು ಇಂದು ನೋಡೋಣ.

ದರ್ಜಿಯ ಮಗ

ಫೋರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಒಸೇರ್ ಎಂಬ ಊರಿನಲ್ಲಿ. ತಂದೆ ದರ್ಜಿ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಬೆನೆಡಿಕ್ಟೈನ್ ಸನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಓದುವಾಗ ಗಣಿತದ ಹುಚ್ಚು ಹಿಡಿಯಿತು. ಸನ್ಯಾಸಿಯಾಗಲು 1787ರಲ್ಲಿ ಮಠ ಸೇರಿದರು, ದೀಕ್ಷೆ ಪಡೆಯದೆ ಹಿಂತಿರುಗಿದರು.

ಅಷ್ಟರಲ್ಲಿ ಫ್ರೆಂಚ್ ಕ್ರಾಂತಿ ಶುರುವಾಯಿತು. ಅದರಲ್ಲಿ ಭಾಗವಹಿಸಿದ ಫೋರಿಯರ್ 1794ರಲ್ಲಿ ಅದೇ ಕ್ರಾಂತಿಯ ಆಡಳಿತದಿಂದ ಬಂಧನಕ್ಕೆ ಒಳಗಾದರು. ಆ ದಿನಗಳಲ್ಲಿ ಜೈಲಿನಿಂದ ಗಿಲೊಟಿನ್‌ಗೆ ಹೋದವರು ಬಹಳ. ರೋಬೆಸ್ಪಿಯರ್ ಪತನವಾದ ಮೇಲೆ ಇವರು ಬಿಡುಗಡೆಯಾದರು. 1798ರಲ್ಲಿ ನೆಪೋಲಿಯನ್ ಈಜಿಪ್ಟ್‌ಗೆ ದಂಡೆತ್ತಿ ಹೋದಾಗ ಜೊತೆಗಿದ್ದ ವಿದ್ವಾಂಸರಲ್ಲಿ ಇವರೂ ಒಬ್ಬರು. ವಾಪಸ್ ಬಂದ ಮೇಲೆ ನೆಪೋಲಿಯನ್ ಇವರನ್ನು ಇಸೇರ್ ಜಿಲ್ಲೆಯ ಆಡಳಿತಾಧಿಕಾರಿಯಾಗಿ ಗ್ರೆನೋಬ್ಲ್ ನಗರಕ್ಕೆ ಕಳಿಸಿದರು.

ಹಗಲು ಕಚೇರಿ, ಬಿಡುವಿನಲ್ಲಿ ಶಾಖ

ಕೆಲಸ ನಮ್ಮ ಜಿಲ್ಲಾಧಿಕಾರಿಗಳಂಥದ್ದೇ. ಬೂರ್ಗ್ವಾನ್ ಪ್ರದೇಶದ ಜೌಗು ನೆಲದ ನೀರು ಬಸಿಯುವುದು, ಇಟಲಿ ಕಡೆಗೆ ರಸ್ತೆ ಮಾಡಿಸುವುದು, ಕಾಗದಪತ್ರ. ಇದರ ನಡುವೆಯೇ ಅವರು ಶಾಖದ ಮೇಲೆ ಪ್ರಯೋಗ ಮಾಡಿದರು. ಕಬ್ಬಿಣದ ಬಳೆಯೊಂದನ್ನು ಕಾಯಿಸಿ, ಅದರ ಬೇರೆ ಬೇರೆ ಜಾಗಗಳಲ್ಲಿ ಥರ್ಮಾಮೀಟರ್ ಇಟ್ಟು, ಅಳತೆಯನ್ನು ತಮ್ಮ ಲೆಕ್ಕದ ಜೊತೆ ಹೋಲಿಸಿ ನೋಡಿದರು.

ಶಾಖ ಎಂದರೇನು ಎಂಬ ಬಗ್ಗೆ ಆಗ ದೊಡ್ಡ ಜಗಳವಿತ್ತು. ಅದೊಂದು ದ್ರವ ಎಂದು ನಂಬಿದವರು ಹಲವರು. ಫೋರಿಯರ್ ಆ ಜಗಳಕ್ಕೆ ಹೋಗಲಿಲ್ಲ. ಅದು ಹೇಗೆ ಹರಿಯುತ್ತದೆ ಎಂಬುದನ್ನಷ್ಟೇ ಅಳೆದರು.

1807ರಲ್ಲಿ ಪ್ರಬಂಧವನ್ನು ಪ್ಯಾರಿಸ್‌ಗೆ ಕಳಿಸಿದರು. ಪರಿಶೀಲಿಸಿದವರಲ್ಲಿ ಲಗ್ರಾಂಜ್, ಲಾಪ್ಲಾಸ್‌ರಂಥ ದಿಗ್ಗಜರಿದ್ದರು. ಇವರ ಗಣಿತದ ವಿಧಾನವನ್ನು ಲಗ್ರಾಂಜ್ ಒಪ್ಪಲಿಲ್ಲ, ಪ್ರಬಂಧ ಅಚ್ಚಾಗಲಿಲ್ಲ. ಮತ್ತೆ 1811ರಲ್ಲಿ ಸ್ಪರ್ಧೆಗೆ ಕಳಿಸಿದರು. ಬಹುಮಾನ ಬಂತು, ಜೊತೆಗೆ ತರ್ಕ ಇನ್ನಷ್ಟು ಬಿಗಿಯಾಗಬೇಕು ಎಂಬ ಆಕ್ಷೇಪವೂ ಬಂತು. ಆಕ್ಷೇಪ ಪೂರ್ತಿ ಸುಳ್ಳಾಗಿರಲಿಲ್ಲ. ಅದನ್ನು ಸರಿಯಾಗಿ ಬಗೆಹರಿಸಲು ಮುಂದಿನ ಪೀಳಿಗೆಯ ಗಣಿತಜ್ಞರೇ ಬೇಕಾದರು. ಆದರೆ ಥರ್ಮಾಮೀಟರ್ ಅವರ ಪರವಾಗಿತ್ತು. ಪುಸ್ತಕ ಹೊರಬಂದದ್ದು 1822ರಲ್ಲಿ, ಮೊದಲ ಪ್ರಬಂಧದ 15 ವರ್ಷಗಳ ನಂತರ. ಅದೇ ವರ್ಷ ಅವರು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾದರು.

ನಿಯಮ ಏನು ಹೇಳುತ್ತದೆ?

ಬಿಸಿ ಕಾಫಿ ಲೋಟವನ್ನು ಬಟ್ಟೆಯಲ್ಲಿ ಹಿಡಿಯುತ್ತೀರಿ. ಒಂದು ಮಡಿಕೆಗೆ ಕೈ ಸುಟ್ಟರೆ ಇನ್ನೊಂದು ಮಡಿಕೆ ಹಾಕುತ್ತೀರಿ. ಪದರ ದಪ್ಪವಾದಷ್ಟೂ ಶಾಖ ದಾಟುವುದು ಕಡಿಮೆ. ಫೋರಿಯರ್ ನಿಯಮದ ಒಂದು ಮುಖ್ಯ ಭಾಗ ಇದೇ. ಪದರ ಯಾವ ವಸ್ತುವಿನದು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಈಗ ಕನ್ಸೋಲ್‌ಗೆ ಬನ್ನಿ. 2006ರ ಪ್ಲೇಸ್ಟೇಷನ್ 3ರಂಥ ಯಂತ್ರದಲ್ಲಿ ಚಿಪ್ಪಿನ ಲೋಹದ ಮುಚ್ಚಳದ ಮೇಲೆ ಹೀಟ್‌ಸಿಂಕ್ ಕೂತಿರುತ್ತದೆ. ಎರಡೂ ನುಣುಪಾಗಿ ಕಂಡರೂ ನಡುವೆ ಸಣ್ಣ ಸಣ್ಣ ತಗ್ಗುಗಳಿರುತ್ತವೆ, ಅವುಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿಯ ಶಾಖವಾಹಕತೆ ಸುಮಾರು 0.026, ಒಂದು ಸಾಧಾರಣ ಪೇಸ್ಟ್‌ನದು 4 ಎಂದುಕೊಳ್ಳಿ, ತಾಮ್ರದ್ದು ಸುಮಾರು 400. ಅಂದರೆ ಪೇಸ್ಟ್ ಗಾಳಿಗಿಂತ 150 ಪಟ್ಟು ಉತ್ತಮ, ಆದರೆ ತಾಮ್ರಕ್ಕಿಂತ 100 ಪಟ್ಟು ಕಳಪೆ. ಪೇಸ್ಟ್‌ನ ಕೆಲಸ ಗಾಳಿಯನ್ನು ಹೊರಹಾಕುವುದು ಅಷ್ಟೇ. ವರ್ಷಗಳು ಕಳೆದಂತೆ ಅದು ಒಣಗಿ ಬಿರುಕು ಬಿಟ್ಟರೆ ಗಾಳಿ ಮತ್ತೆ ಸೇರುತ್ತದೆ.

ಒಂದು ಲೆಕ್ಕ: 60 ವ್ಯಾಟ್ ಶಾಖ, 10 ಚದರ ಸೆಂಟಿಮೀಟರ್ ಜಾಗ. ಪೇಸ್ಟ್ 0.1 ಮಿಲಿಮೀಟರ್ ಇದ್ದರೆ ಪದರದ ಎರಡು ಬದಿಗಳ ನಡುವೆ ಒಂದೂವರೆ ಡಿಗ್ರಿ ವ್ಯತ್ಯಾಸ. 1 ಮಿಲಿಮೀಟರ್ ಇದ್ದರೆ 15 ಡಿಗ್ರಿ!

ಹಾಗಾದರೆ ಏನು ಮಾಡಬೇಕು?

ಮೊದಲು ಫ್ಯಾನ್ ಮತ್ತು ಹೀಟ್‌ಸಿಂಕ್‌ನ ಧೂಳು ತೆಗೆಯಿರಿ, ಎಷ್ಟೋ ಸಲ ಅಷ್ಟೇ ಸಾಕು. ಬಿಚ್ಚುವ ಮುನ್ನ ಪ್ಲಗ್ ತೆಗೆದು ತಣ್ಣಗಾಗಲು ಬಿಡಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ತೆರೆಯಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಮೆತ್ತನೆ ಬಟ್ಟೆಯಿಂದ ಪೂರ್ತಿ ಒರೆಸಿ. ಹೊಸ ಪೇಸ್ಟನ್ನು ತೆಳುವಾಗಿ ಹಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಸಮವಾಗಿ ಬಿಗಿಯಿರಿ. ಆಗ ಹೆಚ್ಚಾದ ಪೇಸ್ಟ್ ಬದಿಗೆ ಹೊರಬರುತ್ತದೆ. ದಪ್ಪಗೆ ಹಚ್ಚಿದ್ದರಿಂದ ಸಿಗುವ ಲಾಭ ಏನೂ ಇಲ್ಲ.

ಟೂತ್‌ಪೇಸ್ಟ್ ಬೇಡ. ಅದರಲ್ಲಿ ನೀರಿದೆ, ಬಿಸಿಗೆ ಬೇಗ ಒಣಗುತ್ತದೆ. ದ್ರವಲೋಹದ ಪೇಸ್ಟ್ ಕೂಡ ಹೊಸಬರಿಗಲ್ಲ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ಹಾಳು ಮಾಡುತ್ತದೆ, ಚೆಲ್ಲಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಚಿಪ್ಪಿನ ಬೆಸುಗೆಯೇ ಬಿಟ್ಟಿದ್ದರೆ ಯಾವ ಪೇಸ್ಟೂ ರಿಪೇರಿ ಮಾಡುವುದಿಲ್ಲ.

ಫೋರಿಯರ್ ಬಗ್ಗೆಯೇ ಒಂದು ಕಟ್ಟುಕಥೆ

ಕಂಬಳಿ ಸುತ್ತಿಕೊಂಡು ಎಡವಿ ಮೆಟ್ಟಿಲಿಂದ ಬಿದ್ದು ಸತ್ತರು ಎಂಬ ಕಥೆ ಇವರ ಬಗ್ಗೆ ಓಡಾಡುತ್ತದೆ. ಈಜಿಪ್ಟ್‌ನಿಂದ ಬಂದ ಮೇಲೆ ಅವರಿಗೆ ಚಳಿ ತಡೆಯುತ್ತಿರಲಿಲ್ಲ, ಕೋಣೆಯನ್ನು ಬಿಸಿಯಾಗಿಟ್ಟು ದಪ್ಪ ಬಟ್ಟೆ ತೊಡುತ್ತಿದ್ದರು ಎಂಬುದು ದಾಖಲಾಗಿದೆ. 1830ರ ಮೇ ತಿಂಗಳಲ್ಲಿ ಮೆಟ್ಟಿಲ ಮೇಲೆ ಬಿದ್ದದ್ದೂ ನಿಜ. ಆದರೆ ಅವರಿಗೆ ಹೃದಯದ ತೊಂದರೆ ಮೊದಲಿನಿಂದಲೂ ಇತ್ತು, ಬಿದ್ದ ಮೇಲೆ ಅದು ಹೆಚ್ಚಾಯಿತು. ಮೇ 16ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು. ಐಫೆಲ್ ಗೋಪುರದ ಮೇಲೆ ಬರೆದಿರುವ 72 ಹೆಸರುಗಳಲ್ಲಿ ಅವರದೂ ಒಂದು.

ನಿಮ್ಮ ಫೋನಿಗೆ ಬರುವ ಜೆಪಿಇಜಿ ಫೋಟೊಗಳು ಚಿಕ್ಕದಾಗುವುದು ಅವರ ಗಣಿತದಿಂದ ಬೆಳೆದ ವಿಧಾನದಿಂದಲೇ. ಲಗ್ರಾಂಜ್‌ಗೆ ಒಪ್ಪಿಗೆಯಾಗದ ಗಣಿತವೇ ಅದು.

ನಾವು ಹೇಳುವುದಿಷ್ಟು: ಪೇಸ್ಟ್ ದಪ್ಪವಾದಷ್ಟೂ ತಂಪು ಎನ್ನುವುದು ತಪ್ಪು. ಗಾಳಿ ಹೊರಹೋಗುವಷ್ಟು ತೆಳು ಪದರ ಸಾಕು. ಮುಂದಿನ ಸಲ ಇಂಥ ಸಲಹೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ, ಇದನ್ನು ಯಾರಾದರೂ ಅಳೆದು ನೋಡಿದ್ದಾರೆಯೇ ಎಂದು ಕೇಳಿ.